ಬ್ರೌಸರ್ ತೆಗೆದ್ರೆ ಸಾಕು ಆ್ಯಡ್ ಮೇಲೆ ಆ್ಯಡ್: ಎಲ್ಲಿಂದ ಬರ್ತಿದೆ ಅಂತ ಹಿಡಿದು ಓಡಿಸೋದು ಹೇಗೆ

ಸ್ಕ್ರೀನ್ ಮೂಲೇಲಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಅಂತ ಒಂದು ಬಾಕ್ಸ್, ಅದನ್ನ ಮುಚ್ಚೋದ್ರೊಳಗೆ ಇನ್ನೊಂದು, ಏನೋ ಹುಡುಕೋಕೆ ಹೋದ್ರೆ ಹೆಸರೇ ಕೇಳಿಲ್ಲದ ಸರ್ಚ್ ಪೇಜ್ ತೆರ್ಕೊಳ್ಳುತ್ತೆ, ಯಾವುದೋ ಲಿಂಕ್ ಒತ್ತಿದ್ರೆ ಪಕ್ಕದ ಟ್ಯಾಬ್‌ನಲ್ಲಿ ಜೂಜಿನ ಸೈಟು. ಇದು ಶುರುವಾದಾಗ ಸುಮಾರು ಜನ ಒಂದೋ ಸಹಿಸ್ಕೊಂಡು ಕ್ಲೋಸ್ ಮಾಡ್ತಾನೇ ಇರ್ತಾರೆ, ಇಲ್ಲಾ ಗಾಬರಿ ಬಿದ್ದು ಸಿಕ್ಕಿದ ಯಾವುದೋ 'ಪಿಸಿ ಕ್ಲೀನರ್' ಡೌನ್‌ಲೋಡ್ ಮಾಡಿ ಹಾಕ್ಕೊಂಡ್ಬಿಡ್ತಾರೆ. ದಯವಿಟ್ಟು ಆ ಎರಡನೇ ಕೆಲಸ ಮಾತ್ರ ಮಾಡ್ಬೇಡಿ, ಯಾಕಂದ್ರೆ ಆ ಹೆದರಿಸೋ ಬಾಕ್ಸ್ ಇರೋದೇ ನಿಮ್ಮ ಕೈಲಿ ಅಂಥದ್ದೊಂದನ್ನ ಇನ್‌ಸ್ಟಾಲ್ ಮಾಡಿಸೋಕೆ. ಫಾರ್ಮ್ಯಾಟ್ ಹೊಡೀಬೇಕು ಅಂತ ಓಡೋ ಅಗತ್ಯಾನೂ ಇಲ್ಲ, ಬಹಳಷ್ಟು ಕೇಸುಗಳು ಸೆಟ್ಟಿಂಗ್ಸ್ ಒಳಗೇ ಮುಗಿದು ಹೋಗುತ್ತವೆ.

ಒಂದು ವಿಷಯ ಮೊದ್ಲು ತಲೇಲಿ ಇಟ್ಕೊಳ್ಳಿ. ಈಗ ಬರ್ತಿರೋದು ಹಳೇ ಕಾಲದ ಪಾಪ್-ಅಪ್ ಅಲ್ಲ. 1990ರ ದಶಕದಲ್ಲಿ ಟ್ರೈಪಾಡ್ ಅನ್ನೋ ಸೈಟಿನಲ್ಲಿ ಕೆಲಸ ಮಾಡ್ತಿದ್ದ ಈಥನ್ ಜುಕರ್‌ಮನ್ ಜಾಹೀರಾತನ್ನ ಬೇರೆ ಕಿಟಕಿಯಲ್ಲಿ ತೆರೆಯೋ ಕೋಡ್ ಬರೆದ್ರು, 2014ರಲ್ಲಿ ಅದಕ್ಕೆ ಸಾರ್ವಜನಿಕವಾಗಿ ಕ್ಷಮೆನೂ ಕೇಳಿದ್ರು. ಆ ತರದ ಪಾಪ್-ಅಪ್ ತಡೆಯೋದನ್ನ ಬ್ರೌಸರ್‌ಗಳು ಯಾವಾಗ್ಲೋ ಕಲಿತವು, 2004ರಲ್ಲಿ ಬಂದ ಫೈರ್‌ಫಾಕ್ಸ್ 1.0ನಲ್ಲೂ ಅದೇ ವರ್ಷದ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2 ಜೊತೆ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲೂ ಬ್ಲಾಕರ್ ಇತ್ತು. ಆ ಬಾಗಿಲು ಮುಚ್ಚಿದ ಮೇಲೆ ಜಾಹೀರಾತು ನುಗ್ಗಿಸೋರು ಬೇರೆ ದಾರಿ ಹುಡುಕಿಕೊಂಡ್ರು: ನೋಟಿಫಿಕೇಶನ್, ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ನಾವು ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಮ್), ಇಲ್ಲಾಂದ್ರೆ ಮಷಿನ್ ಒಳಗೇ ಕೂತಿರೋ ಪ್ರೋಗ್ರಾಮ್. ಮೂರಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡದೆ ಏನೇ ಮಾಡಿದ್ರೂ ನೀರಲ್ಲಿ ಹೋಮ.

ಪತ್ತೆ ಮಾಡೋದು ಹೀಗೆ

ಆ್ಯಡ್ ಒಂದೇ ಒಂದು ಸೈಟಿನಲ್ಲಿ ಮಾತ್ರ ಬರುತ್ತಾ? ಪೈರೇಟೆಡ್ ಸಿನಿಮಾ ಸೈಟು, ಫ್ರೀ ಡೌನ್‌ಲೋಡ್ ಸೈಟುಗಳಲ್ಲಿ ಇದು ಮಾಮೂಲು, ತಪ್ಪು ನಿಮ್ಮ ಮಷಿನ್‌ದಲ್ಲ, ಆ ಸೈಟಿಂದು, ಅಲ್ಲಿಗೆ ಹೋಗೋದು ಬಿಟ್ರೆ ಮುಗೀತು. ಬ್ರೌಸರ್ ಮಿನಿಮೈಸ್ ಮಾಡಿದ್ರೂ ಸ್ಕ್ರೀನಿನ ಬಲಗಡೆ ಕೆಳಗೆ ಪುಟ್ಟ ಬಾಕ್ಸ್ ಎದ್ದು ಬರುತ್ತಾ? ಆ ಬಾಕ್ಸಿನಲ್ಲಿ ಚಿಕ್ಕ ಅಕ್ಷರದಲ್ಲಿ ಬ್ರೌಸರ್ ಹೆಸರೂ ಒಂದು ವೆಬ್‌ಸೈಟ್ ಅಡ್ರೆಸ್ಸೂ ಕಂಡ್ರೆ ಅದು ನೋಟಿಫಿಕೇಶನ್, ವೈರಸ್ ಅಲ್ಲ. ಇನ್ನು ಮೂರನೇದು, ನನಗೆ ಬಹಳ ಇಷ್ಟವಾದ ಪರೀಕ್ಷೆ: ವಿಕಿಪೀಡಿಯಾ ತೆರೆದು ನೋಡಿ. ಅವರು ದೇಣಿಗೆ ಕೇಳ್ತಾರೆ ಬಿಟ್ರೆ ವ್ಯಾಪಾರದ ಜಾಹೀರಾತು ಹಾಕೋದೇ ಇಲ್ಲ, ಅಲ್ಲೂ ಪುಟದ ಮಧ್ಯೆ ಆ್ಯಡ್ ಕಾಣಿಸ್ತಿದೆ ಅಥವಾ ಪದಗಳ ಕೆಳಗೆ ಬಣ್ಣದ ಗೆರೆ ಎಳೆದು ಲಿಂಕ್ ಮಾಡಿದೆ ಅಂದ್ರೆ ಅದನ್ನ ತುರುಕ್ತಿರೋದು ನಿಮ್ಮ ಕಡೆಯದ್ದೇ ಯಾವುದೋ ಎಕ್ಸ್‌ಟೆನ್ಶನ್ ಅಥವಾ ಪ್ರೋಗ್ರಾಮ್. ಆಮೇಲೆ ಇನ್ನೊಂದು ಬ್ರೌಸರ್‌ನಲ್ಲಿ ಅದೇ ಪುಟ ತೆಗೀರಿ, ಅಲ್ಲಿ ಕ್ಲೀನಾಗಿದ್ರೆ ಮೊದಲನೇ ಬ್ರೌಸರ್‌ನ ಎಕ್ಸ್‌ಟೆನ್ಶನ್ ಮೇಲೆ ಅನುಮಾನ, ಅಲ್ಲೂ ಬಂದ್ರೆ ಇಡೀ ಮಷಿನ್ ಮೇಲೆ.

ಇಡೀ ಸ್ಕ್ರೀನ್ ಆವರಿಸಿಕೊಂಡು ಸೈರನ್ ಹೊಡ್ಕೊಳ್ಳೋ ಎಚ್ಚರಿಕೆ ಪೇಜ್ ಬಂದಿದ್ರೆ ಮೊದ್ಲು ಅದರಿಂದ ಆಚೆ ಬನ್ನಿ. ಒಂದು ವೆಬ್ ಪೇಜಿಗೆ ನಿಮ್ಮ ಹಾರ್ಡ್ ಡಿಸ್ಕ್ ಸ್ಕ್ಯಾನ್ ಮಾಡೋ ತಾಕತ್ತೇ ಇಲ್ಲ, ಹಾಗಾಗಿ ಅದರಲ್ಲಿ ಬರೆದಿರೋ ವೈರಸ್ ಲೆಕ್ಕ ಎಲ್ಲಾ ಸುಳ್ಳು. ಅದರಲ್ಲಿರೋ ಫೋನ್ ನಂಬರಿಗೆ ಕರೆ ಮಾಡ್ಲೇಬೇಡಿ, ಅತ್ತ ಕಡೆ ಇರೋರು ರಿಮೋಟ್ ಸಾಫ್ಟ್‌ವೇರ್ ಹಾಕಿಸ್ಕೊಂಡು ಅಕೌಂಟಿಗೇ ಕೈ ಹಾಕ್ತಾರೆ. ಎಸ್ಕೇಪ್ ಕೀ ಒತ್ತಿ ಹಿಡೀರಿ, ಆಗ್ಲಿಲ್ಲ ಅಂದ್ರೆ ಆಲ್ಟ್ ಮತ್ತೆ ಎಫ್4, ಅದಕ್ಕೂ ಬಗ್ಗದಿದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮೇಲೆ 'ಎಂಡ್ ಟಾಸ್ಕ್' ಕೊಡಿ. ಮ್ಯಾಕ್‌ನಲ್ಲಾದ್ರೆ ಕಮಾಂಡ್, ಆಪ್ಷನ್, ಎಸ್ಕೇಪ್. ಮತ್ತೆ ತೆರೆದಾಗ 'ರಿಸ್ಟೋರ್ ಪೇಜಸ್' ಅಂತ ಕೇಳುತ್ತೆ, ಬೇಡ ಅನ್ನಿ, ಇಲ್ಲಾಂದ್ರೆ ಅದೇ ಪೇಜ್ ವಾಪಸ್ ಬಂದು ಕೂರುತ್ತೆ.

ಮೊದಲನೇ ಹೆಜ್ಜೆ: ನೋಟಿಫಿಕೇಶನ್

ಹೆಚ್ಚಿನ ಜನರ ಸಮಸ್ಯೆ ಇಲ್ಲೇ ಮುಗಿಯುತ್ತೆ, ಅದಕ್ಕೆ ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಯಾವುದೋ ಸೈಟಿಗೆ ಹೋದಾಗ 'ನೀವು ರೋಬೋಟ್ ಅಲ್ಲ ಅಂತ ತೋರಿಸೋಕೆ ಅಲೋ ಒತ್ತಿ', 'ವಿಡಿಯೋ ನೋಡೋಕೆ ಅಲೋ ಒತ್ತಿ' ಅಂತ ಬರುತ್ತಲ್ಲ, ಆ ಅಲೋ ಬಟನ್ ಪುಟದ್ದಲ್ಲ, ಬ್ರೌಸರ್‌ದು, ಒತ್ತಿದ ಕ್ಷಣ ಆ ಸೈಟಿಗೆ ನಿಮ್ಮ ಸ್ಕ್ರೀನ್ ಮೇಲೆ ಯಾವಾಗ ಬೇಕಾದ್ರೂ ಮೆಸೇಜ್ ಹಾಕೋ ಹಕ್ಕು ಸಿಕ್ಕಿತು. ನಿಜವಾದ ಕ್ಯಾಪ್ಚಾ, ಅಂದ್ರೆ ನೀವು ರೋಬೋಟ್ ಅಲ್ಲ ಅಂತ ನೋಡೋ ಪರೀಕ್ಷೆ, ಯಾವತ್ತೂ ನೋಟಿಫಿಕೇಶನ್ ಪರ್ಮಿಶನ್ ಕೇಳಲ್ಲ.

ಕ್ರೋಮ್‌ನಲ್ಲಿ ಬಲಗಡೆ ಮೇಲಿರೋ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅಲ್ಲಿಂದ 'ಪ್ರೈವೆಸಿ ಅಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಶನ್ಸ್'. ಕೆಳಗೆ ಇಳಿದ್ರೆ ಯಾರ್‍ಯಾರಿಗೆ ಅಲೋ ಕೊಟ್ಟಿದ್ದೀರಿ ಅನ್ನೋ ಪಟ್ಟಿ ಕಾಣುತ್ತೆ, ಅದರಲ್ಲಿ ಅರ್ಥವೇ ಇಲ್ಲದ ಅಕ್ಷರ, ನಂಬರ್ ಜೋಡಿಸಿದ ಹೆಸರುಗಳಿದ್ರೆ ಅವೇ ಕಳ್ಳರು. ಒಂದೊಂದರ ಪಕ್ಕದ ಚುಕ್ಕಿ ಒತ್ತಿ 'ಬ್ಲಾಕ್' ಕೊಡಿ. 'ರಿಮೂವ್' ಕೊಟ್ರೆ ಪರ್ಮಿಶನ್ ಹೋಗುತ್ತೆ ಆದ್ರೆ ಆ ಸೈಟ್ ಮುಂದಿನ ಸಲ ಮತ್ತೆ ಕೇಳಬಹುದು, ಬ್ಲಾಕ್ ಮಾಡಿದ್ರೆ ಕೇಳೋಕೂ ಆಗಲ್ಲ. ಆಮೇಲೆ ಅದೇ ಪುಟದ ಮೇಲ್ಭಾಗದಲ್ಲಿ ಯಾವ ಸೈಟೂ ನೋಟಿಫಿಕೇಶನ್ ಕೇಳಬಾರದು ಅನ್ನೋ ಆಯ್ಕೆ ಇದೆ, ಅದನ್ನ ಹಾಕಿಬಿಡಿ, ಮೇಲ್, ಕ್ಯಾಲೆಂಡರ್ ತರದ ಒಂದೆರಡು ಬೇಕಿದ್ರೆ ಅವನ್ನ ಮಾತ್ರ ಕೈಯಾರೆ ಸೇರಿಸ್ಕೊಳ್ಳಿ. ಫೈರ್‌ಫಾಕ್ಸ್, ಎಡ್ಜ್, ಸಫಾರಿಯಲ್ಲೂ ಇದೇ ಪಟ್ಟಿ ಇದೆ, ಮೆನು ಹೆಸರು ಆಗಾಗ ಬದಲಾಗ್ತಿರುತ್ತೆ, ಸೆಟ್ಟಿಂಗ್ಸ್‌ನ ಹುಡುಕೋ ಜಾಗದಲ್ಲಿ ನೋಟಿಫಿಕೇಶನ್ ಅಂತ ಟೈಪ್ ಮಾಡಿದ್ರೆ ಸಿಗುತ್ತೆ.

ಎರಡನೇ ಹೆಜ್ಜೆ: ಎಕ್ಸ್‌ಟೆನ್ಶನ್

ಬ್ರೌಸರ್‌ನ ಎಕ್ಸ್‌ಟೆನ್ಶನ್ ಪುಟಕ್ಕೆ ಹೋಗಿ ಎಲ್ಲವನ್ನೂ ಆಫ್ ಮಾಡಿ. ಹೌದು, ನಂಬಿಕೆ ಇರೋದನ್ನೂ. ಆಮೇಲೆ ವಿಕಿಪೀಡಿಯಾ ಪರೀಕ್ಷೆ ಮತ್ತೆ ಮಾಡಿ, ಕ್ಲೀನಾಗಿದ್ರೆ ಒಂದೊಂದಾಗಿ ಆನ್ ಮಾಡ್ತಾ ಬನ್ನಿ, ಯಾವುದನ್ನ ಆನ್ ಮಾಡಿದಾಗ ಆ್ಯಡ್ ಮರಳಿ ಬಂತೋ ಅದನ್ನ ತೆಗೆದು ಹಾಕಿ. 'ವರ್ಷಗಟ್ಟಲೆ ಬಳಸ್ತಿದ್ದೀನಿ, ಅದು ಒಳ್ಳೇದೇ' ಅನ್ನೋ ವಾದ ಇಲ್ಲಿ ನಡೆಯಲ್ಲ, ಯಾಕಂದ್ರೆ ಎಕ್ಸ್‌ಟೆನ್ಶನ್‌ಗಳು ಸದ್ದಿಲ್ಲದೆ ಮಾರಾಟ ಆಗುತ್ತವೆ. ದಿ ಗ್ರೇಟ್ ಸಸ್ಪೆಂಡರ್ ಅಂತ ಬಹಳ ಜನಪ್ರಿಯವಾದ ಒಂದಿತ್ತು, 2020ರಲ್ಲಿ ಅದರ ಒಡೆತನ ಬೇರೆಯವರ ಕೈಗೆ ಹೋಯ್ತು, 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ (ಹಾನಿ ಮಾಡೋ ಸಾಫ್ಟ್‌ವೇರ್) ಇದೆ ಅಂತ ಗೂಗಲ್ಲೇ ಅದನ್ನ ತೆಗೆದು ಹಾಕಿತು. ಬಳಸ್ತಿದ್ದೋರು ಏನೂ ತಪ್ಪು ಮಾಡಿರ್ಲಿಲ್ಲ, ಆದ್ರೂ ತೊಂದರೆಗೆ ಸಿಕ್ಕಿಹಾಕ್ಕೊಂಡ್ರು. ಬಣ್ಣ ಬದಲಿಸೋದು, ಕೂಪನ್ ಹುಡುಕೋದು, ಪಿಡಿಎಫ್ ಮಾಡೋದು ಇಂಥ ಸಣ್ಣ ಕೆಲಸಕ್ಕೆ 'ಎಲ್ಲಾ ಸೈಟಿನ ಡೇಟಾ ಓದೋಕೆ, ಬದಲಿಸೋಕೆ' ಪರ್ಮಿಶನ್ ಕೇಳೋದು ನಿಮಗೆ ನಿಜವಾಗ್ಲೂ ಬೇಕಾ ಅಂತ ಯೋಚಿಸಿ.

ಕೆಲವೊಂದು ಸಲ ರಿಮೂವ್ ಬಟನ್ನೇ ಇರಲ್ಲ, ಮೆನುವಿನ ತಳದಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಅಂತ ಇರುತ್ತೆ. ಆಫೀಸ್ ಲ್ಯಾಪ್‌ಟಾಪ್ ಆದ್ರೆ ಅದು ಸಹಜ, ಅದನ್ನ ಮುಟ್ಟದೆ ಐಟಿಯವ್ರಿಗೆ ಹೇಳಿ. ಸ್ವಂತ ಮಷಿನ್‌ನಲ್ಲಿ ಹಾಗೆ ಬಂದಿದ್ರೆ ಕೆಲವು ಆ್ಯಂಟಿವೈರಸ್‌ಗಳೂ ಕಾರಣ ಇರಬಹುದು, ಆದ್ರೆ ಜೊತೆಗೆ ಆ್ಯಡ್ ಕಾಟಾನೂ ಇದ್ರೆ ಆ್ಯಡ್‌ವೇರ್ (ಜಾಹೀರಾತು ತುರುಕೋ ಸಾಫ್ಟ್‌ವೇರ್) ತಾನೇ ಪಾಲಿಸಿ, ಅಂದ್ರೆ ಬ್ರೌಸರ್ ಮೇಲೆ ಹೇರೋ ನಿಯಮ, ಬರೆದುಕೊಂಡು ಕೂತಿದೆ ಅಂತ ಅರ್ಥ, ಅದನ್ನ ಎಕ್ಸ್‌ಟೆನ್ಶನ್ ಪುಟದಿಂದ ತೆಗೆಯೋಕಾಗಲ್ಲ, ಮೂರನೇ ಹೆಜ್ಜೆಯ ಸ್ಕ್ಯಾನ್ ಬೇಕು.

ಇಲ್ಲೇ ಇನ್ನೆರಡು ಜಾಗ ನೋಡ್ಕೊಂಡು ಹೋಗಿ. ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಇಂಜಿನ್ ಮತ್ತೆ 'ಆನ್ ಸ್ಟಾರ್ಟ್‌ಅಪ್' ಸರಿ ಇದೆಯಾ ಅಂತ, ಆಮೇಲೆ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮೇಲಿನ ಬ್ರೌಸರ್ ಐಕಾನಿಗೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದು 'ಟಾರ್ಗೆಟ್' ಸಾಲು. ಪ್ರೋಗ್ರಾಮಿನ ಹೆಸರು ಮುಗಿದ ಮೇಲೆ ಅದೇ ಸಾಲಿನಲ್ಲಿ ಯಾವುದಾದ್ರೂ ವೆಬ್‌ಸೈಟ್ ಅಡ್ರೆಸ್ ಅಂಟಿಸಿದ್ರೆ, ನೀವು ಸೆಟ್ಟಿಂಗ್ಸ್ ಎಷ್ಟೇ ಸರಿ ಮಾಡಿದ್ರೂ ಐಕಾನ್ ಒತ್ತಿದಾಗೆಲ್ಲ ಆ ಸೈಟೇ ತೆರೆಯುತ್ತೆ. ಆ ಅಡ್ರೆಸ್ ಅಳಿಸಿ ಸೇವ್ ಮಾಡಿ, ಇಲ್ಲಾ ಶಾರ್ಟ್‌ಕಟ್ ಡಿಲೀಟ್ ಮಾಡಿ ಹೊಸದು ಮಾಡ್ಕೊಳ್ಳಿ.

ಮೂರನೇ ಹೆಜ್ಜೆ: ಮಷಿನ್ ಒಳಗಿನದು

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಪಟ್ಟಿ ತೆಗೆದು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನದ ಆಸುಪಾಸಿನಲ್ಲಿ ಏನೇನು ಬಂದಿದೆ ನೋಡಿ, ಒಂದು ಫ್ರೀ ಸಾಫ್ಟ್‌ವೇರ್ ಹಾಕಿದ ದಿನವೇ ನೀವು ಕೇಳದ ಎರಡು ಮೂರು ಬಂದಿದ್ರೆ ಅವೇ. ಇನ್‌ಸ್ಟಾಲ್ ಮಾಡುವಾಗ ನೆಕ್ಸ್ಟ್ ನೆಕ್ಸ್ಟ್ ಒತ್ತದೆ 'ಕಸ್ಟಮ್' ಅಥವಾ 'ಅಡ್ವಾನ್ಸ್ಡ್' ತೆಗೆದಿದ್ರೆ ಅಲ್ಲೇ ಟಿಕ್ ತೆಗೀಬಹುದಿತ್ತು, ಮುಂದಿನ ಸಲಕ್ಕೆ ಇರಲಿ. ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟೀಲೂ ಒಂದು ಕಣ್ಣು ಹಾಯಿಸಿ.

ಆಮೇಲೆ ಸ್ಕ್ಯಾನ್. ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಅನ್ನೋ ಆ್ಯಂಟಿವೈರಸ್ ಇದಕ್ಕೆ ಸಾಕು, ಫುಲ್ ಸ್ಕ್ಯಾನ್ ಕೊಡಿ, ಹಟಮಾರಿ ಇದ್ರೆ 'ಆಫ್‌ಲೈನ್ ಸ್ಕ್ಯಾನ್', ಅದು ರೀಸ್ಟಾರ್ಟ್ ಮಾಡ್ಕೊಂಡು ವಿಂಡೋಸ್ ಏಳೋಕೆ ಮುಂಚೇನೇ ಹುಡುಕುತ್ತೆ, ತೆರೆದಿಟ್ಟ ಫೈಲ್ ಸೇವ್ ಮಾಡ್ಕೊಳ್ಳಿ. ಡಿಫೆಂಡರ್‌ನ 'ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್' ಒಳಗೆ ಬೇಡದ ಆ್ಯಪ್‌ಗಳನ್ನ ತಡೆಯೋ ಒಂದು ಸ್ವಿಚ್ ಇದೆ, ಆಫ್ ಇದ್ರೆ ಆನ್ ಮಾಡಿ. ಇದರ ಜೊತೆಗೆ ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯೂಕ್ಲೀನರ್ ಅಂತ ಫ್ರೀ ಟೂಲ್ ಇದೆ, ಆ್ಯಡ್‌ವೇರ್ ಹಿಡಿಯೋಕೆ ಅಂತಲೇ ಮಾಡಿದ್ದು, ಅವರ ಸೈಟ್ ಅಡ್ರೆಸ್ ನೀವೇ ಟೈಪ್ ಮಾಡಿ ಹೋಗಿ ತಗೊಳ್ಳಿ. ಸರ್ಚ್ ರಿಸಲ್ಟ್‌ನ ಮೇಲ್ಗಡೆ ಜಾಹೀರಾತಾಗಿ ಬರೋ ಲಿಂಕ್ ಒತ್ಬೇಡಿ, ನಕಲಿ ಡೌನ್‌ಲೋಡ್ ಪುಟಗಳು ಕಾಯ್ತಾ ಇರೋದು ಅಲ್ಲೇ. ಹಳೇ ಲೇಖನಗಳಲ್ಲಿ ಕ್ರೋಮ್‌ನ ಒಳಗಿನ ಕ್ಲೀನಪ್ ಟೂಲ್ ಬಳಸಿ ಅಂತ ಇರುತ್ತೆ, ಅದನ್ನ 2023ರಲ್ಲೇ ನಿಲ್ಲಿಸಿದ್ದಾರೆ, ಹುಡುಕ್ತಾ ಕೂರಬೇಡಿ.

ಮ್ಯಾಕ್‌ನಲ್ಲಾದ್ರೆ ಅಪ್ಲಿಕೇಶನ್ಸ್ ಫೋಲ್ಡರ್, ಲಾಗಿನ್ ಐಟಮ್ಸ್, ಮುಖ್ಯವಾಗಿ ಸೆಟ್ಟಿಂಗ್ಸ್‌ನಲ್ಲಿ ನೀವು ಹಾಕದ ಪ್ರೊಫೈಲ್ (ಮಷಿನ್ ಸೆಟ್ಟಿಂಗ್ಸ್ ಬದಲಿಸಿಡೋ ಫೈಲ್) ಏನಾದ್ರೂ ಇದೆಯಾ ನೋಡಿ, ಇದ್ರೆ ತೆಗೀರಿ.

ಹೊಸ ಮಷಿನ್ ಅಂತ ಬಿಡೋ ಹಾಗೂ ಇಲ್ಲ. 2014ರ ಕೊನೆಯಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳು ಸೂಪರ್‌ಫಿಶ್ ಅನ್ನೋ ಆ್ಯಡ್‌ವೇರ್ ತುಂಬಿಸ್ಕೊಂಡೇ ಬಂದಿದ್ವು, ಅದು ಸರ್ಚ್ ಪುಟಗಳಿಗೆ ಜಾಹೀರಾತು ತುರುಕೋಕೆ ತನ್ನದೇ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಬ್ರೌಸರ್‌ಗೆ ಹೇಳೋ ಡಿಜಿಟಲ್ ಗುರುತಿನ ಚೀಟಿ) ಹಾಕ್ಕೊಂಡು ಬೀಗದ ಗುರುತಿರೋ ಸುರಕ್ಷಿತ ಸಂಪರ್ಕದ ಮಧ್ಯೇನೂ ಕೂರ್ತಿತ್ತು. 2015ರ ಫೆಬ್ರವರಿಯಲ್ಲಿ ದೊಡ್ಡ ಗಲಾಟೆ ಆದ ಮೇಲೆ ತೆಗೆಯೋ ಟೂಲ್ ಕೊಟ್ರು. ಆ್ಯಡ್‌ವೇರ್ ಅಂದ್ರೆ ಬರೀ ಕಿರಿಕಿರಿ ಅಷ್ಟೆ ಅನ್ನೋರಿಗೆ ನಾನು ಇದನ್ನೇ ತೋರಿಸೋದು, ಜಾಹೀರಾತು ತೋರಿಸೋಕೆ ಅಂತ ಒಳಗೆ ಬಂದಿದ್ದು ನಿಮ್ಮ ಬ್ಯಾಂಕ್ ಪುಟದ ಬಾಗಿಲನ್ನೂ ಸಡಿಲ ಮಾಡಿಟ್ಟಿರುತ್ತೆ.

ಇಷ್ಟಾದ್ರೂ ಹೋಗಿಲ್ವಾ, ಬ್ರೌಸರ್ ರೀಸೆಟ್ ಮಾಡಿ. ಕ್ರೋಮ್‌ನಲ್ಲಿ ಬುಕ್‌ಮಾರ್ಕ್, ಹಿಸ್ಟರಿ, ಸೇವ್ ಮಾಡಿದ ಪಾಸ್‌ವರ್ಡ್ ಹಾಗೇ ಇರುತ್ತವೆ, ಎಕ್ಸ್‌ಟೆನ್ಶನ್ ಆಫ್ ಆಗುತ್ತವೆ, ಕುಕೀಸ್ (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟುಗಳು ನೆನಪಿಟ್ಕೊಳ್ಳೋ ಪುಟ್ಟ ಫೈಲ್‌ಗಳು) ಹೋಗೋದ್ರಿಂದ ಎಲ್ಲಾ ಕಡೆ ಮತ್ತೆ ಲಾಗಿನ್ ಆಗ್ಬೇಕು. ತೆಗೆದ ಮಾರನೇ ದಿನ ಅದೇ ಎಕ್ಸ್‌ಟೆನ್ಶನ್ ಮತ್ತೆ ಹಾಜರ್ ಅಂದ್ರೆ ಸಿಂಕ್ ಮೇಲೆ, ಅಂದ್ರೆ ನಿಮ್ಮ ಎಲ್ಲಾ ಡಿವೈಸ್‌ಗಳಲ್ಲಿ ಬ್ರೌಸರ್ ಒಂದೇ ತರ ಇರೋ ಹಾಗೆ ಮಾಡೋ ಸೌಲಭ್ಯದ ಮೇಲೆ, ಅನುಮಾನ ಪಡಿ, ನಿಮ್ಮ ಅಕೌಂಟ್ ಲಾಗಿನ್ ಆಗಿರೋ ಇನ್ನೊಂದು ಕಂಪ್ಯೂಟರ್‌ನಲ್ಲಿ ಅದು ಇರಬಹುದು, ಸಿಂಕ್ ನಿಲ್ಲಿಸಿ ಎರಡೂ ಕಡೆ ತೆಗೆದು ಆಮೇಲೆ ಆನ್ ಮಾಡಿ.

ಫೋನ್‌ನಲ್ಲಿ

ಆಂಡ್ರಾಯ್ಡ್‌ನಲ್ಲಿ ಬ್ರೌಸರ್ ತೆರೆದೇ ಇಲ್ಲ, ಹೋಮ್ ಸ್ಕ್ರೀನ್ ಮೇಲೇ ಫುಲ್ ಸೈಜ್ ಆ್ಯಡ್ ಬರ್ತಿದೆ ಅಂದ್ರೆ ಅದು ಯಾವುದೋ ಆ್ಯಪ್ ಕೆಲಸ, ಟಾರ್ಚು, ವಾಲ್‌ಪೇಪರ್, ಫೈಲ್ ಕ್ಲೀನರ್ ಇಂಥವು. ಆ್ಯಡ್ ಇರುವಾಗ್ಲೇ ರೀಸೆಂಟ್ಸ್ ಬಟನ್ ಒತ್ತಿ, ಆ ಕಾರ್ಡಿನ ಮೇಲಿನ ಐಕಾನ್ ಹಿಡಿದ್ರೆ ಆ್ಯಪ್ ಯಾವುದು ಅಂತ ಗೊತ್ತಾಗುತ್ತೆ. ಕೆಲವು ತಮ್ಮ ಐಕಾನ್ ಮುಚ್ಚಿಟ್ಟಿರುತ್ತವೆ, ಆಗ ಸೆಟ್ಟಿಂಗ್ಸ್‌ನಲ್ಲಿ 'ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್' ಹುಡುಕಿ, ಬೇರೆ ಆ್ಯಪ್ ಮೇಲೆ ಕೂರೋ ಹಕ್ಕು ಯಾರಿಗಿದೆ ಅನ್ನೋ ಪಟ್ಟಿ ಸಿಗುತ್ತೆ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ರೆ ಅದಕ್ಕೆ ಡಿವೈಸ್ ಅಡ್ಮಿನ್ (ಫೋನನ್ನ ನಿಯಂತ್ರಿಸೋ) ಹಕ್ಕು ಕೊಟ್ಟಿದ್ದೀರಿ, ಅದನ್ನ ಮೊದ್ಲು ಕಿತ್ತು ಹಾಕಿ, ಅದಕ್ಕೂ ಬಿಡದಿದ್ರೆ ಸೇಫ್ ಮೋಡ್‌ಗೆ ಹೋಗಿ ತೆಗೀರಿ, ಅಲ್ಲಿ ನೀವು ಹಾಕ್ಕೊಂಡ ಆ್ಯಪ್ ಯಾವುದೂ ಓಡಲ್ಲ. ಐಫೋನ್‌ನಲ್ಲಿ 'ನಿಮ್ಮ ಫೋನ್ ಹ್ಯಾಕ್ ಆಗಿದೆ' ಅನ್ನೋ ಅಲರ್ಟ್ ಬಂದ್ರೆ ಸುಮಾರು ಸಲ ಅದು ಕ್ಯಾಲೆಂಡರ್ ಸಬ್‌ಸ್ಕ್ರಿಪ್ಶನ್, ಕ್ಯಾಲೆಂಡರ್ ಆ್ಯಪ್‌ನಲ್ಲಿ ಆ ಇವೆಂಟ್ ತೆರೆದು ಅನ್‌ಸಬ್‌ಸ್ಕ್ರೈಬ್ ಮಾಡಿ.

ಎಲ್ಲಾ ಕ್ಲೀನ್ ಆದ ಮೇಲೆ ಒಂದು ಒಳ್ಳೇ ಆ್ಯಡ್ ಬ್ಲಾಕರ್ ಹಾಕ್ಕೊಳ್ಳಿ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಸರ್ಚ್ ಜಾಹೀರಾತಿನ ಮೋಸದ ಬಗ್ಗೆ ಎಚ್ಚರಿಸಿ ಬ್ಲಾಕರ್ ಬಳಸಿ ಅಂತ ಹೇಳಿತ್ತು. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಆರಿಜಿನ್, ಕ್ರೋಮ್‌ನಲ್ಲಿ ನಿಯಮ ಬದಲಾದ್ದರಿಂದ ಯುಬ್ಲಾಕ್ ಆರಿಜಿನ್ ಲೈಟ್. ನೀವು ಇಷ್ಟಪಟ್ಟು ಓದೋ ಸೈಟುಗಳು ಜಾಹೀರಾತಿಂದಲೇ ನಡೆಯೋದು, ಅವುಗಳಿಗೆ ಮಾತ್ರ ಬ್ಲಾಕರ್ ಆಫ್ ಮಾಡಿಡೋದು ನ್ಯಾಯ.

ಇನ್ನೊಂದು ಹೊಸ ಉಪಾಯ ಶುರುವಾಗಿದೆ, ರೋಬೋಟ್ ಅಲ್ಲ ಅಂತ ತೋರಿಸೋಕೆ ವಿಂಡೋಸ್ ಕೀ ಮತ್ತೆ ಆರ್ ಒತ್ತಿ, ಆಮೇಲೆ ಪೇಸ್ಟ್ ಮಾಡಿ ಎಂಟರ್ ಕೊಡಿ ಅನ್ನೋ ಪುಟ. ಅದು ನಿಮ್ಮ ಕೈಯಿಂದಲೇ ಕಮಾಂಡ್ ಓಡಿಸೋ ಕಳ್ಳಾಟ, ಟ್ಯಾಬ್ ಮುಚ್ಚಿಬಿಡಿ. ಈಗಾಗ್ಲೇ ಹಾಗೆ ಮಾಡಿದ್ರೆ, ಅಥವಾ ತೆಗೆದ ಎಕ್ಸ್‌ಟೆನ್ಶನ್‌ಗೆ ಎಲ್ಲಾ ಸೈಟ್ ಓದೋ ಹಕ್ಕು ಇದ್ದಿದ್ರೆ, ಬೇರೆ ಕ್ಲೀನ್ ಡಿವೈಸ್‌ನಿಂದ ಮೊದ್ಲು ಇಮೇಲ್ ಪಾಸ್‌ವರ್ಡ್, ಆಮೇಲೆ ಬ್ಯಾಂಕಿಂದು ಬದಲಿಸಿ, 'ಎಲ್ಲಾ ಡಿವೈಸ್‌ನಿಂದ ಸೈನ್ ಔಟ್' ಅನ್ನೋದನ್ನೂ ಒತ್ತಿ, ಯಾಕಂದ್ರೆ ಕುಕೀಸ್ ಕದ್ದಿದ್ರೆ ಪಾಸ್‌ವರ್ಡ್ ಒಂದನ್ನೇ ಬದಲಿಸಿದ್ರೆ ಸಾಲದು.