ಹೊಟ್ಟೆಗೆ ಸೀರೆ ಕಟ್ಟಿಕೊಂಡು ಕಲಿತ ಡಿಸ್ಕೋ ಹಾಡು

ಅಮೆರಿಕದ ಡಿಸ್ಕೋ ಗಾಯಕಿ ಗ್ಲೋರಿಯಾ ಗೇನರ್ ಅವರ ‘ಐ ವಿಲ್ ಸರ್ವೈವ್’ ಹಾಡನ್ನು ವೇದಿಕೆ ಮೇಲೆ ಹಾಡುವ ಮಟ್ಟಕ್ಕೆ ಬರಲು ನನಗೆ ಏಳು ತಿಂಗಳು ಹಿಡಿಯಿತು. ಮೂರು ನಿಮಿಷ ಚಿಲ್ಲರೆಯ ಹಾಡು, ಬಿಟ್ಟುಹೋದವನಿಲ್ಲದೆಯೂ ಬದುಕುತ್ತೇನೆ ಅನ್ನುವ ಹೆಣ್ಣಿನದು. ಇಷ್ಟು ದಿನ ಯಾಕೆ ಅಂತ ಮನೆಯಲ್ಲೇ ಕೇಳಿದರು. ಆ ಏಳು ತಿಂಗಳು ಎಲ್ಲಿ ಹೋಯಿತು ಅಂತ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಕರ್ನಾಟಕ ಸಂಗೀತ ಕಲಿತು ಆಮೇಲೆ ಇಂಥ ಪಾಶ್ಚಾತ್ಯ ಹಾಡಿನ ಕಡೆ ಬರುವವರಿಗೆ ಉಪಯೋಗಕ್ಕೆ ಬರಬಹುದು.

ನಾನು ಮೈಸೂರಿನಲ್ಲಿ ಸೀನಿಯರ್ ಪರೀಕ್ಷೆವರೆಗೆ ಕಲಿತವಳು. ನ್ಯೂಜೆರ್ಸಿಗೆ ಬಂದು 16 ವರ್ಷ ಆಯಿತು. ಇಲ್ಲಿ ಕನ್ನಡ ಕೂಟದಲ್ಲಿ ದೇವರನಾಮ, ಭಾವಗೀತೆ ಹಾಡುತ್ತಿದ್ದೆ. ಮೂರು ವರ್ಷದ ಹಿಂದೆ ಊರಿನ ಕಾಯಿರ್, ಅಂದರೆ ಗುಂಪಾಗಿ ಹಾಡುವವರ ತಂಡ, ಸೇರಿದೆ. ಅದನ್ನು ನಡೆಸುವವರು ನ್ಯೂವಾರ್ಕ್‌ನ ಚರ್ಚಿನಲ್ಲಿ ಹಾಡಿಕೊಂಡು ಬೆಳೆದ ಹಿರಿಯ ಆಫ್ರಿಕನ್ ಅಮೆರಿಕನ್ ಮಹಿಳೆ. ಗೇನರ್ ಹುಟ್ಟಿದ್ದೂ ಅದೇ ನ್ಯೂವಾರ್ಕ್‌ನಲ್ಲಿ, 1943ರಲ್ಲಿ. ನಮ್ಮ ಮನೆಯಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆ ದಾರಿ. ನ್ಯೂಯಾರ್ಕ್‌ಗೆ ಕೆಲಸಕ್ಕೆ ಹೋಗುವಾಗ ಎಷ್ಟೋ ವರ್ಷ ಆ ಊರನ್ನು ದಾಟಿ ಹೋಗಿದ್ದೇನೆ. ಅಲ್ಲಿ ಯಾರು ಹುಟ್ಟಿ ಬೆಳೆದರು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಮೊದಲ ರಿಹರ್ಸಲ್‌ನಲ್ಲಿ ನಾನು ಜೋರಾಗಿಯೇ ಶುರು ಮಾಡಿದೆ. ಎಲ್ಲರೂ ಹಾಗೇ ಹಾಡುತ್ತಾರಲ್ವಾ, ಪಾರ್ಟಿಗಳಲ್ಲಿ ಕೈ ಎತ್ತಿ, ಬಿಟ್ಟುಹೋದವನಿಗೆ ಬೈಯುವ ಹಾಗೆ. ಎರಡು ಸಾಲು ಆಗುವಷ್ಟರಲ್ಲಿ ಟೀಚರ್ ಪಿಯಾನೋ ನಿಲ್ಲಿಸಿದರು. “ಯಾರ ಮೇಲೆ ಕೂಗಾಡ್ತಾ ಇದ್ದೀಯ? ಹಾಡಿನಲ್ಲಿರೋ ಹೆಂಗಸು ಇನ್ನೂ ಹೆದರಿಕೊಂಡಿದ್ದಾಳೆ. ಧೈರ್ಯ ಬರೋದು ಆಮೇಲೆ” ಅಂದರು. ಆ ಮಾತು ಹಿಡಿದುಕೊಂಡು ಮನೆಗೆ ಬಂದೆ.

ಮೊದಲು ತಾಳ ಸರಿ ಮಾಡಿಕೊಳ್ಳಬೇಕಿತ್ತು. ಡಿಸ್ಕೋದಲ್ಲಿ ಬಾಸ್ ಡ್ರಮ್ ನಾಲ್ಕೂ ಎಣಿಕೆಗೆ ಒಂದೇ ತೂಕದಲ್ಲಿ ಬೀಳುತ್ತದೆ. ಈ ಹಾಡಿನಲ್ಲಿ ನಿಮಿಷಕ್ಕೆ ಸುಮಾರು 117 ಏಟು. ಆದಿತಾಳ ಹಾಕಿ ಬೆಳೆದ ಕೈ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬಂದು ಬೀಳಲು ಕಾಯುತ್ತಿರುತ್ತದೆ. ಇಲ್ಲಿ ಸಮಕ್ಕೆ ಅಂಥ ವಿಶೇಷ ಗೌರವ ಇಲ್ಲ. ಚಪ್ಪಾಳೆ ಬೀಳುವುದು ಎರಡು ಮತ್ತು ನಾಲ್ಕಕ್ಕೆ. ಕೂತು ಲೆಕ್ಕ ಹಾಕಿದರೆ ಇದು ಮೈಗೆ ಹತ್ತುವುದಿಲ್ಲ. ಮನೆಯ ಉದ್ದಕ್ಕೂ ನಡೆದೆ. ಪ್ರತಿ ಎಣಿಕೆಗೂ ಒಂದು ಹೆಜ್ಜೆ, ಎರಡು-ನಾಲ್ಕಕ್ಕೆ ಚಪ್ಪಾಳೆ, ಬಾಯಲ್ಲಿ ಹಾಡು. ತಾಳ ಬಡಿಯುವ ಯಂತ್ರ ಮೆಟ್ರೋನೋಮನ್ನು 90ರಲ್ಲಿ ಶುರು ಮಾಡಿ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿದೆ.

ಆಮೇಲೆ ಕಂಡದ್ದು ಇನ್ನೊಂದು. ಡ್ರಮ್ಸ್ ಗಡಿಯಾರದ ಹಾಗೆ ಓಡುತ್ತಿದ್ದರೂ ಗೇನರ್ ಅದರ ಜೊತೆ ಓಡುವುದಿಲ್ಲ. ಕೂದಲೆಳೆಯಷ್ಟು ಹಿಂದೆ ಬರುತ್ತಾರೆ. ನಮ್ಮಲ್ಲಿ ತಾಳ ಶುರುವಾದ ಎಷ್ಟು ಹೊತ್ತಿಗೆ ಹಾಡು ಎತ್ತಬೇಕು ಅನ್ನುವುದಕ್ಕೆ ಅರ್ಧ ಎಡುಪು, ಮುಕ್ಕಾಲು ಎಡುಪು ಅಂತ ಲೆಕ್ಕ ಇದೆ. ಇದಕ್ಕೆ ಲೆಕ್ಕವೇ ಇಲ್ಲ, ಮಾತಾಡುವವರು ಒಂದು ಕ್ಷಣ ತಡೆದು ಹೇಳುವ ಹಾಗೆ. ಅದು ಸೋಲ್ (ಚರ್ಚಿನ ಹಾಡಿನ ಬೇರಿರುವ ಆಫ್ರಿಕನ್ ಅಮೆರಿಕನ್ ಸಂಗೀತ) ಹಾಡುಗಾರರ ಅಭ್ಯಾಸ. ಡಿಸ್ಕೋ ಬರುವ ಮುಂಚೆಯೇ ಗೇನರ್ ಸೋಲ್ ಹಾಡುಗಾರ್ತಿ. ಹುಟ್ಟಿದ ಹೆಸರು ಗ್ಲೋರಿಯಾ ಫೌಲ್ಸ್. ಮನೆಯಲ್ಲಿ ಅಣ್ಣಂದಿರು ಗಾಸ್ಪೆಲ್, ಅಂದರೆ ಕ್ರೈಸ್ತ ಭಕ್ತಿಗೀತೆ, ಹಾಡುವ ಗುಂಪು ಕಟ್ಟಿಕೊಂಡಿದ್ದರು, ಹುಡುಗಿ ಅಂತ ಇವರನ್ನು ಸೇರಿಸಿಕೊಳ್ಳಲಿಲ್ಲ. 1965ರಲ್ಲಿ ಗಾಯಕ ಜಾನಿ ನ್ಯಾಶ್ ಮೊದಲ ರೆಕಾರ್ಡ್ ಮಾಡಿಸಿದರು, ಗೇನರ್ ಅನ್ನುವ ಹೆಸರೂ ಅವರ ಸಲಹೆ. ಅದು ಓಡಲಿಲ್ಲ. ಮುಂದೆ ‘ಸೋಲ್ ಸ್ಯಾಟಿಸ್ಫೈಯರ್ಸ್’ ಅನ್ನುವ ಬ್ಯಾಂಡ್, ರಾತ್ರಿ ರಾತ್ರಿ ಕ್ಲಬ್ಬುಗಳು. ‘ನೆವರ್ ಕ್ಯಾನ್ ಸೇ ಗುಡ್‌ಬೈ’ ಹೆಸರು ತಂದುಕೊಡುವ ಹೊತ್ತಿಗೆ ಹತ್ತು ವರ್ಷ ಹತ್ತಿರ ಆಗಿತ್ತು. ಎಷ್ಟು ಕ್ಲಬ್ಬುಗಳಲ್ಲಿ, ಎಷ್ಟು ಗದ್ದಲದ ನಡುವೆ ಹಾಡಿರಬೇಕು! ಅವಸರ ಇಲ್ಲದ ಆ ದನಿ ಅಲ್ಲಿಂದ ಬಂದದ್ದು ಅಂತ ನನ್ನ ನಂಬಿಕೆ.

ಆ ಹಾಡಿನ ಹೆಸರಿನದೇ 1975ರ ಆಲ್ಬಮ್ ನನ್ನ ಅಭ್ಯಾಸಕ್ಕೆ ತುಂಬಾ ನೆರವಾಯಿತು. ಅದರ ಮೊದಲ ಬದಿಯಲ್ಲಿ ಮೂರು ಹಾಡು, ನಡುವೆ ಖಾಲಿ ಜಾಗವೇ ಇಲ್ಲ. ರೆಕಾರ್ಡ್ ಮಿಕ್ಸ್ ಮಾಡುವ ಟಾಮ್ ಮೌಲ್ಟನ್ ಅವನ್ನು ಒಂದಕ್ಕೊಂದು ಜೋಡಿಸಿದ್ದಾರೆ, ಸುಮಾರು 19 ನಿಮಿಷ ಕುಣಿತ ನಿಲ್ಲುವುದಿಲ್ಲ. ಅದನ್ನು ಹಾಕಿಕೊಂಡು ನಡೆಯುತ್ತಾ ಜೊತೆಗೆ ಹಾಡಿದರೆ ಉಸಿರಿನ ಸಂಗತಿ ತಾನಾಗಿ ಬಯಲಾಗುತ್ತದೆ. ಮೊದಮೊದಲು ಆರನೇ ನಿಮಿಷಕ್ಕೇ ನನಗೆ ಏದುಸಿರು.

ಸ್ವರದ ಕಡೆ ಕಲಿತದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮಗನ ಕೀಬೋರ್ಡಿನಲ್ಲಿ ಹಾಡಿನ ಕಾರ್ಡ್‌ಗಳ ಬುಡದ ಸ್ವರ ಮಾತ್ರ ಒತ್ತುತ್ತಾ ಹೋದೆ. ಪಾಶ್ಚಾತ್ಯ ಹೆಸರಿನಲ್ಲಿ ಎ, ಡಿ, ಜಿ, ಸಿ, ಎಫ್, ಬಿ, ಇ. ಪ್ರತಿ ಹೆಜ್ಜೆಯೂ ಸ-ಇಂದ ಮ-ಕ್ಕೆ ಹಾರಿದ ಹಾಗೆ. ಮುಟ್ಟಿದ ಮಧ್ಯಮವೇ ಹೊಸ ಷಡ್ಜ, ಅಲ್ಲಿಂದ ಮತ್ತೆ ಮಧ್ಯಮ. ಎಫ್‌ನಿಂದ ಬಿಗೆ ಹಾರುವಾಗ ಮಾತ್ರ ಅದು ಪ್ರತಿಮಧ್ಯಮ, ಅಂದರೆ ಸ್ವಲ್ಪ ಮೇಲಿನ ಮ, ಆಗುತ್ತದೆ. ಆ ಒಂದು ಕಡೆ ನೆಲ ಸ್ವಲ್ಪ ಅಲುಗಿದ ಹಾಗೆ ಅನ್ನಿಸುವುದಕ್ಕೆ ಅದೇ ಕಾರಣ. ಎ ಯನ್ನು ಷಡ್ಜ ಮಾಡಿಕೊಂಡರೆ ಬಹುಪಾಲು ನಠಭೈರವಿ ರಾಗದ ಸ್ವರಗಳು. ನಾಲ್ಕು ಎಣಿಕೆ ಸೇರಿ ಒಂದು ಬಾರ್. ಏಳನೇ ಬಾರ್‌ನಲ್ಲಿ ವಾದ್ಯಗಳು ಷಡ್ಜವನ್ನು ಹಿಡಿದು ಕಾಯಿಸಿ, ಎಂಟನೆಯದರಲ್ಲಿ ಕಾಕಲಿ ನಿಷಾದಕ್ಕೆ, ಅಂದರೆ ಷಡ್ಜಕ್ಕೆ ಅಂಟಿಕೊಂಡ ನಿ-ಗೆ, ಇಳಿಯುತ್ತವೆ. ಅಲ್ಲಿ ಕೀರವಾಣಿ ರಾಗದ ನೆರಳು. ತಕ್ಷಣ ಮತ್ತೆ ಮೊದಲಿನಿಂದ.

ಹಾಡು ಪೂರ್ತಿ ಈ ಎಂಟು ಬಾರ್‌ಗಳೇ. ಪಲ್ಲವಿಗೆ ಬೇರೆ, ಚರಣಕ್ಕೆ ಬೇರೆ ಅಂತ ಇಲ್ಲ. ವಾದ್ಯಗಳು ಒಂದೇ ಚಕ್ರ ಸುತ್ತುತ್ತಿರುತ್ತವೆ, ಹೆದರಿಕೆಯಿಂದ ಧೈರ್ಯಕ್ಕೆ ಹೋಗಬೇಕಾದದ್ದು ದನಿ ಒಂದೇ. ಹಿನ್ನೆಲೆ ಗಾಯಕರ ಆಸರೆಯೂ ಇಲ್ಲ. ಗೇನರ್ ಅವರ ಮುಂಚಿನ ಕೆಲವು ಡಿಸ್ಕೋ ರೆಕಾರ್ಡ್‌ಗಳಲ್ಲಿ ಟೇಪಿನ ವೇಗ ಹೆಚ್ಚಿಸಿ ದನಿಯನ್ನು ಮೇಲೆ ಎತ್ತಿದ್ದರು, ಇದರಲ್ಲಿ ಅದೂ ಇಲ್ಲ. ಶುರುವಿಗೇ ಕಿರುಚಿದರೆ ಆಮೇಲೆ ಹೋಗಲು ಜಾಗವೇ ಉಳಿಯುವುದಿಲ್ಲ. ಟೀಚರ್ ಪಿಯಾನೋ ನಿಲ್ಲಿಸಿದ್ದು ಯಾಕೆ ಅಂತ ನನಗೆ ಆಗ ಸರಿಯಾಗಿ ಅರ್ಥ ಆಯಿತು.

ಗಮಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ವರವನ್ನು ಅಲುಗಿಸುವ ಕಂಪಿತ ಬಿಡಲೇಬೇಕು, ಅದು ಬಂದರೆ ಹಾಡು ಬೇರೆ ಊರಿಗೆ ಹೋಗಿಬಿಡುತ್ತದೆ. ಜಾರು ಮಾತ್ರ ಜೊತೆಗೆ ಬರುತ್ತದೆ. ಕೆಳಗಿನಿಂದ ಜಾರಿ ಸ್ವರ ಮುಟ್ಟುವುದು ಗೇನರ್ ಅವರಲ್ಲೂ ಇದೆ.

ಇಷ್ಟಾದರೂ ಜೋರು ಕಡಿಮೆ ಆಗಿರಲಿಲ್ಲ. ಆ ದಿನಗಳಲ್ಲೇ ಹಾಡು ರೆಕಾರ್ಡ್ ಆದ ಸಂದರ್ಭ ತಿಳಿಯಿತು. 1978ರಲ್ಲಿ ನ್ಯೂಯಾರ್ಕ್‌ನ ಬೀಕನ್ ಥಿಯೇಟರಿನಲ್ಲಿ ಗೇನರ್ ವೇದಿಕೆ ಮೇಲೆ ಹಿಂದಕ್ಕೆ ಬಿದ್ದರು. ಕಾರ್ಯಕ್ರಮ ಮುಗಿಸಿ ಮನೆಗೆ ಹೋದರು, ಬೆಳಗ್ಗೆ ಎದ್ದಾಗ ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಬೆನ್ನುಮೂಳೆಯ ಆಪರೇಷನ್ ಆಯಿತು. ಡೀನೋ ಫೆಕಾರಿಸ್ ಮತ್ತು ಫ್ರೆಡಿ ಪೆರೆನ್ ಬರೆದ ಈ ಹಾಡನ್ನು ಅವರು ಹಾಡಿದ್ದು ಬೆನ್ನಿಗೆ ಬ್ರೇಸ್, ಅಂದರೆ ಆಸರೆಯ ಬಿಗಿ ಪಟ್ಟಿ, ಕಟ್ಟಿಕೊಂಡು. ಹಾಡುವಾಗ ಮನಸ್ಸಿನಲ್ಲಿದ್ದದ್ದು ಪ್ರೇಮಭಂಗ ಅಲ್ಲ, ಆ ಆಪರೇಷನ್ ಮತ್ತು ತೀರಿಹೋಗಿದ್ದ ತಾಯಿ ಅಂತ ಅವರೇ ಹೇಳಿದ್ದಾರೆ.

ಬ್ರೇಸ್ ಕಟ್ಟಿಕೊಂಡು ಉಸಿರು ತೆಗೆಯುವುದು ಹೇಗೆ? ನನಗೆ ಅಮ್ಮ ನೆನಪಾದಳು. ಮಗ ಹುಟ್ಟಿದಾಗ ಇಲ್ಲಿಗೆ ಬಂದು ದಿನಾ ಎಣ್ಣೆ ನೀರು ಹಾಕಿ, ಹಳೆಯ ಕಾಟನ್ ಸೀರೆಯಲ್ಲಿ ನನ್ನ ಹೊಟ್ಟೆ ಬಿಗಿಯಾಗಿ ಕಟ್ಟುತ್ತಿದ್ದಳು. ಬಾಣಂತಿಗೆ ಕಟ್ಟುತ್ತಾರಲ್ಲ, ಹಾಗೆ. ಆ ಸೀರೆ ಇನ್ನೂ ಪೆಟ್ಟಿಗೆಯಲ್ಲಿತ್ತು. ತೆಗೆದು ಸೊಂಟದಿಂದ ಎದೆಯ ಕೆಳಗಿನವರೆಗೆ ಸುತ್ತಿಕೊಂಡೆ, ನಿಂತು ಹಾಡಿದೆ.

ಹೊಟ್ಟೆ ಮುಂದಕ್ಕೆ ಬರಲು ಜಾಗ ಇಲ್ಲ. ಉಸಿರು ಪಕ್ಕೆಗೆ, ಬೆನ್ನಿಗೆ ಹೋಗಬೇಕು. ದೊಡ್ಡ ಉಸಿರು ತೆಗೆಯಲು ಆಗುವುದೇ ಇಲ್ಲ, ಸಾಲಿನ ನಡುವೆ ಚಿಕ್ಕ ಚಿಕ್ಕದಾಗಿ ಕದಿಯಬೇಕು. ಕಿರುಚಲು ಗಾಳಿಯೇ ಇರಲಿಲ್ಲ. ಪದಗಳು ಮಾತಿನ ಹತ್ತಿರ ಬಂದವು, ಕೆಳಗಿನ ಸ್ವರಗಳಲ್ಲಿ ದನಿ ತೆಳ್ಳಗೆ ನಡುಗಿತು. ಮೊದಲ ಸಾಲಿಗೆ ಬೇಕಾದದ್ದು ಅದೇ. ಗೇನರ್ ಹೀಗೇ ಉಸಿರಾಡಿದರು ಅಂತ ನಾನು ಹೇಳುತ್ತಿಲ್ಲ. ನನಗೆ ದಾರಿ ಸಿಕ್ಕಿದ್ದು ಇದರಿಂದ. ದಿನಕ್ಕೆ ಹತ್ತು ನಿಮಿಷ ಹೀಗೆ ಹಾಡಿ, ಬಿಚ್ಚಿ, ಮತ್ತೆ ಹಾಡುತ್ತಿದ್ದೆ. ಜಾಸ್ತಿ ಹೊತ್ತು ಕಟ್ಟಬೇಡಿ, ತಲೆ ಸುತ್ತುತ್ತದೆ.

ಈ ಹಾಡನ್ನು ತಮಾಷೆಗೆ ಹಾಡುವುದು ಕಂಡರೆ ನನಗೆ ಈಗ ಬೇಸರ ಆಗುತ್ತದೆ. ರೆಕಾರ್ಡ್ ಕಂಪನಿ ಇದನ್ನು ರೆಕಾರ್ಡಿನ ಹಿಂಬದಿಗೆ ಹಾಕಿತ್ತು, ಮುಂಬದಿಯಲ್ಲಿ ‘ಸಬ್‌ಸ್ಟಿಟ್ಯೂಟ್’ ಅನ್ನುವ ಬೇರೆ ಹಾಡು. ನ್ಯೂಯಾರ್ಕ್‌ನ ಸ್ಟುಡಿಯೋ 54ರ ಡಿಜೆ ರಿಚಿ ಕಾಜರ್ ಹಿಂಬದಿಯನ್ನೇ ಹಾಕತೊಡಗಿದರು. ಕುಣಿಯುವ ಜನ ಇದನ್ನು ಎತ್ತಿಕೊಂಡರು. 1979ರ ಮಾರ್ಚ್‌ನಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೆ ಬಂತು. ಅದೇ ವರ್ಷ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಬೇಡ ಅನ್ನುವವರು ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. 1980ರಲ್ಲಿ ಗ್ರ್ಯಾಮಿಯವರು ಡಿಸ್ಕೋಗೆ ಒಂದು ಪ್ರಶಸ್ತಿ ಇಟ್ಟು ಇವರಿಗೆ ಕೊಟ್ಟರು, ಮುಂದಿನ ವರ್ಷಕ್ಕೆ ಆ ವಿಭಾಗವೇ ಇಲ್ಲ. ಇವರು ಮಾತ್ರ ಹಾಡು ಬಿಡಲಿಲ್ಲ. ಎರಡನೇ ಗ್ರ್ಯಾಮಿ ಬಂದದ್ದು 40 ವರ್ಷದ ಮೇಲೆ, 2020ರಲ್ಲಿ, ‘ಟೆಸ್ಟಿಮನಿ’ ಅನ್ನುವ ಗಾಸ್ಪೆಲ್ ಆಲ್ಬಮ್‌ಗೆ. ಅಣ್ಣಂದಿರು ಸೇರಿಸಿಕೊಳ್ಳದೆ ಬಿಟ್ಟಿದ್ದ ಅದೇ ಗಾಸ್ಪೆಲ್. ಇದನ್ನು ಓದಿದ ದಿನ ನಾನು ಅತ್ತುಬಿಟ್ಟೆ.

ಕಾರ್ಯಕ್ರಮ ಆದದ್ದು ಜೂನ್‌ನಲ್ಲಿ, ನಮ್ಮೂರಿನ ಲೈಬ್ರರಿಯ ಹಾಲ್‌ನಲ್ಲಿ. ಮೊದಲ ಸಾಲಿಗೆ ತಾಳದ ಕಟ್ಟು ಇಲ್ಲ, ಪಿಯಾನೋ ಇಳಿದು ಬಂದು ನಿಲ್ಲುತ್ತದೆ, ಹಾಡುವವಳು ಒಬ್ಬಳೇ. ಅಲ್ಲಿ ಮಾತಾಡಿದಷ್ಟೇ ಮೆಲ್ಲಗೆ ಹಾಡಿದೆ. ಡ್ರಮ್ಸ್ ಶುರುವಾದ ಮೇಲೂ ಮೂರು ಸುತ್ತು ತಡೆದುಕೊಂಡೆ. ನಾಲ್ಕನೇ ಸುತ್ತಿಗೆ ದನಿ ಬಿಟ್ಟೆ. ಎರಡು ಕಡೆ ತಾಳಕ್ಕಿಂತ ಮುಂದೆ ಓಡಿದ್ದು ನನಗೆ ಗೊತ್ತಾಯಿತು, ಕೊನೆಯ ಉದ್ದದ ಸ್ವರದಲ್ಲಿ ಉಸಿರು ಸಾಲಲಿಲ್ಲ. ಮುಗಿದ ಮೇಲೆ ಟೀಚರ್ ಹತ್ತಿರ ಬಂದು, “ಈ ಸಲ ಹೆದರಿಕೆ ಕೇಳಿಸ್ತು” ಅಂದರು. ಅಷ್ಟು ಹೇಳಿ, ಮುಂದಿನ ಗುರುವಾರದ ಅಭ್ಯಾಸಕ್ಕೆ ‘ನೆವರ್ ಕ್ಯಾನ್ ಸೇ ಗುಡ್‌ಬೈ’ ಕಾಗದ ಕೈಗೆ ಕೊಟ್ಟರು.