ಓಪನ್ ಇಲೆಕ್ಟಿವ್ ಭರ್ತಿಯಾಗಿದೆಯೇ? ನೋಂದಣಿಯ ನಂತರವೂ ಸೇರುವ ದಾರಿ

ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಂತೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆರು ಮತ್ತು ಏಳನೆಯ ಸೆಮಿಸ್ಟರ್‌ಗಳಲ್ಲಿ ಬೇರೆ ವಿಭಾಗದ ಒಂದೊಂದು ವಿಷಯವನ್ನು ಓಪನ್ ಇಲೆಕ್ಟಿವ್ ಆಗಿ ಆರಿಸಿಕೊಳ್ಳಬೇಕು. ಸಿವಿಲ್‌ನವರಿಗೂ ಮೆಕ್ಯಾನಿಕಲ್‌ನವರಿಗೂ ಕಂಪ್ಯೂಟರ್ ಸೈನ್ಸ್ ವಿಭಾಗದ ವಿಷಯದ ಮೇಲೆಯೇ ಕಣ್ಣು. ಹಾಗಾಗಿ ನೋಂದಣಿ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಅಂಥ ತರಗತಿಗಳು ತುಂಬಿಹೋಗುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕೈಚೆಲ್ಲುವ ಮುನ್ನ ಮಾಡಬಹುದಾದ ಕೆಲಸಗಳಿವೆ.

ಮೊದಲು ನೋಡಬೇಕಾದದ್ದು ನಿಮ್ಮ ಅರ್ಹತೆಯನ್ನು. ಹಿಂದಿನ ಸೆಮಿಸ್ಟರ್‌ಗಳಲ್ಲಿ ಓದಿದ ವಿಷಯವನ್ನಾಗಲಿ, ನಿಮ್ಮ ವಿಭಾಗದ ಕಡ್ಡಾಯ ವಿಷಯ ಅಥವಾ ಪ್ರೊಫೆಷನಲ್ ಇಲೆಕ್ಟಿವ್‌ನ (ಸ್ವಂತ ವಿಭಾಗದೊಳಗೇ ಆರಿಸಿಕೊಳ್ಳುವ ವಿಷಯ) ಪಠ್ಯವನ್ನೇ ಹೋಲುವುದನ್ನಾಗಲಿ, ಮುಂದಿನ ಸೆಮಿಸ್ಟರ್‌ನಲ್ಲಿ ಹೇಗೂ ಬರಲಿರುವುದನ್ನಾಗಲಿ ಓಪನ್ ಇಲೆಕ್ಟಿವ್ ಆಗಿ ಆರಿಸಿಕೊಳ್ಳಲು ನಿಯಮ ಬಿಡುವುದಿಲ್ಲ. ಈ ಮೂರರಲ್ಲಿ ಒಂದು ಅಡ್ಡಬಂದರೂ ಖಾಲಿ ಜಾಗ ನಿಮ್ಮದಾಗದು. ಆದರೆ ಇದೇ ನಿಯಮ ನಿಮಗೆ ಅನುಕೂಲವೂ ಆಗಬಹುದು: ನೋಂದಾಯಿಸಿದವರ ಪಟ್ಟಿಯನ್ನು ವಿಭಾಗದವರು ಪರಿಶೀಲಿಸುವಾಗ ಅನರ್ಹರ ಹೆಸರು ತೆಗೆದರೆ ಅಷ್ಟು ಜಾಗ ತೆರವಾಗುತ್ತದೆ.

ಪಟ್ಟಿ ಅಲುಗಾಡಲು ಇನ್ನೊಂದು ಕಾರಣವೂ ಉಂಟು. ಇಲೆಕ್ಟಿವ್ ವಿಷಯವೊಂದನ್ನು ನಡೆಸಲು ಸಾಮಾನ್ಯವಾಗಿ ಕನಿಷ್ಠ 10 ವಿದ್ಯಾರ್ಥಿಗಳಿರಬೇಕು. ಅಷ್ಟು ಜನ ಬರದೆ ಯಾವುದಾದರೂ ವಿಷಯ ರದ್ದಾದರೆ, ಅಲ್ಲಿದ್ದವರೂ ನೀವು ಬಯಸಿದ ತರಗತಿಯ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಆದ್ದರಿಂದ ಕಾಯುವವರ ಸಾಲನ್ನು ಅಂಕಗಳ ಪ್ರಕಾರ ಮಾಡಿದ್ದಾರೋ, ಅರ್ಜಿ ಕೊಟ್ಟ ಕ್ರಮದಲ್ಲಿ ಮಾಡಿದ್ದಾರೋ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಅರ್ಜಿಯ ಕ್ರಮವೇ ಆಗಿದ್ದರೆ ಒಂದು ದಿನ ತಡಮಾಡುವುದೂ ನಷ್ಟವೇ. ಸ್ವಾಯತ್ತ ಕಾಲೇಜುಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದಾದ್ದರಿಂದ, ಅಲ್ಲಿಯವರು ತಮ್ಮ ಕಾಲೇಜಿನ ಕೈಪಿಡಿಯನ್ನೇ ನೋಡಬೇಕು.

ನಂತರ ಭೇಟಿಯಾಗಬೇಕಾದವರು ನಿಮ್ಮ ಮೆಂಟರ್, ಅಂದರೆ ಓದಿನಲ್ಲಿ ನಿಮಗೆ ದಾರಿ ತೋರಲು ಕಾಲೇಜು ಗೊತ್ತುಮಾಡಿದ ಅಧ್ಯಾಪಕರು. ಇಲೆಕ್ಟಿವ್ ನೋಂದಣಿ ಅವರ ಅಥವಾ ವಿಭಾಗದ ಸಂಯೋಜಕರ ಮಾರ್ಗದರ್ಶನದಲ್ಲೇ ದಾಖಲಾಗಬೇಕು. ಅವರ ಒಪ್ಪಿಗೆ ಪಡೆದು, ಪಾಠ ಮಾಡುವ ಅಧ್ಯಾಪಕರನ್ನು ತರಗತಿ ಮುಗಿದ ಮೇಲೆ ಕಂಡು, ಆ ವಿಷಯ ಏಕೆ ಬೇಕೆಂಬುದನ್ನು ಎರಡು ಮಾತಿನಲ್ಲಿ ಹೇಳಿ. ‘ಸರ್, ನನ್ನ ಪ್ರಾಜೆಕ್ಟ್‌ನಲ್ಲಿ ನೀರಿನ ಹರಿವಿನ ದತ್ತಾಂಶ ವಿಶ್ಲೇಷಿಸಬೇಕಾಗಿದೆ, ಅದಕ್ಕೆ ಪೈಥಾನ್ ಬೇಕು’ ಎಂಬ ಮಾತಿಗೆ ಇರುವ ತೂಕ ‘ಗೆಳೆಯರೆಲ್ಲ ಅಲ್ಲಿದ್ದಾರೆ’ ಎಂಬುದಕ್ಕಿಲ್ಲ. ಊರಿನ ಹಿರಿಯರಿಂದ ಫೋನ್ ಮಾಡಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಆದರೆ ಅದರಿಂದ ಅಧ್ಯಾಪಕರ ಮುಖ ಗಂಟಾಗುವುದೇ ಹೆಚ್ಚು.

ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೂರಬಾರದು. ಪ್ರಾಂಶುಪಾಲರಿಗೆ ಬರೆದ ಅರ್ಜಿಯಲ್ಲಿ ಹೆಸರು, ಯುಎಸ್ಎನ್ (ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ಗುರುತಿನ ಸಂಖ್ಯೆ), ಈಗ ಹಂಚಿಕೆಯಾಗಿರುವ ವಿಷಯ, ಬೇಕಾದ ವಿಷಯ, ಎರಡರ ಕೋಡ್ ಮತ್ತು ಕಾರಣವನ್ನು ನಮೂದಿಸಿ, ಎರಡೂ ವಿಭಾಗಗಳ ಮುಖ್ಯಸ್ಥರ ಸಹಿಯೊಂದಿಗೆ ಸಲ್ಲಿಸಿ, ಕಚೇರಿಯ ಮೊಹರು ಬಿದ್ದ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ನಿಮ್ಮಂತೆ ಕಾಯುತ್ತಿರುವವರು ಬಹಳ ಮಂದಿ ಇದ್ದರೆ, ಒಬ್ಬೊಬ್ಬರೇ ಅಲೆಯುವ ಬದಲು ಒಟ್ಟಾಗಿ ಸಹಿ ಮಾಡಿ ಇನ್ನೊಂದು ಸೆಕ್ಷನ್ ಕೇಳುವುದು ಲೇಸು. ಅಧ್ಯಾಪಕರೂ ಕೊಠಡಿಯೂ ಸಿಕ್ಕುವಂತಿದ್ದರೆ ವಿಭಾಗಕ್ಕೆ ಅದನ್ನು ಪರಿಗಣಿಸುವುದು ಸುಲಭ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಹಾಜರಿಯಲ್ಲಿ. ‘ಕರೆಯದಿದ್ದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಿಡು’ ಎಂದು ಸೀನಿಯರ್‌ಗಳು ಹೇಳುತ್ತಾರೆ. ಆದರೆ ಓಪನ್ ಇಲೆಕ್ಟಿವ್‌ಗಳನ್ನೆಲ್ಲ ಬಹುತೇಕ ಒಂದೇ ಅವಧಿಗೆ ಇಡುವುದರಿಂದ, ಬಯಸಿದ ತರಗತಿಯಲ್ಲಿ ಕೂತಷ್ಟು ಹೊತ್ತೂ ಹಂಚಿಕೆಯಾದ ವಿಷಯದಲ್ಲಿ ನೀವು ಗೈರು. ಹಾಜರಿ ಶೇ 85 ಇರಬೇಕು. ವಾರಕ್ಕೆ 3 ತಾಸಿನಂತೆ ಒಟ್ಟು 40 ತಾಸುಗಳ ವಿಷಯವೆಂದರೆ ತಪ್ಪಿಸಿಕೊಳ್ಳಬಹುದಾದದ್ದು 6 ತಾಸು ಮಾತ್ರ, ಅಂದರೆ ಎರಡು ವಾರ. ಆಮೇಲೆ ಜ್ವರಕ್ಕೂ ಮದುವೆಗೂ ರಜೆ ಹಾಕುವಂತಿಲ್ಲ. ಹಾಗಾಗಿ ಪಾಠ ಮಾಡುವವರು ‘ಬಾ, ಕೂರು’ ಎಂದು ಅನುಮತಿ ಕೊಟ್ಟು, ಆ ತಾಸುಗಳನ್ನು ಮುಂದೆ ಹಾಜರಿಗೆ ಸೇರಿಸಿಕೊಳ್ಳುವುದಾಗಿ ಹೇಳಿದರೆ ಮಾತ್ರ ಅಲ್ಲಿ ಕೂರಿ. ಇಲ್ಲವಾದರೆ ಗೆಳೆಯರಿಂದ ನೋಟ್ಸ್ ಪಡೆದು ಓದುತ್ತ, ಹಂಚಿಕೆಯಾದ ತರಗತಿಗೇ ಹೋಗುತ್ತಿರಿ. ಮೊದಲ ಇಂಟರ್ನಲ್ಸ್ (ಕಾಲೇಜಿನಲ್ಲೇ ನಡೆಯುವ ಆಂತರಿಕ ಪರೀಕ್ಷೆ) ಹತ್ತಿರ ಬಂದರೂ ಉತ್ತರ ಸಿಗದಿದ್ದರೆ ಪ್ರಯತ್ನ ಬಿಡುವುದೇ ಸರಿ. ಆಂತರಿಕ ಮೌಲ್ಯಮಾಪನದ 50 ಅಂಕಗಳಲ್ಲಿ ಕನಿಷ್ಠ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಲಾಗದು.

ಬದಲಾವಣೆ ಮಂಜೂರಾದರೆ, ಹಳೆಯ ವಿಷಯದ ಪಟ್ಟಿಯಿಂದ ನಿಮ್ಮ ಹೆಸರು ತೆಗೆದು ಹೊಸದಕ್ಕೆ ಸೇರಿಸಿದ್ದಾರೆಯೇ ಎಂದು ಎರಡೂ ಕಡೆ ಕಣ್ಣಾರೆ ನೋಡಿ. ಮುಂದೆ ಪರೀಕ್ಷೆಯ ಅರ್ಜಿ ತುಂಬುವಾಗ ಹೊಸ ವಿಷಯದ ಕೋಡ್ ಬಂದಿದೆಯೇ ಎಂದು ಅಂಕೆ ಅಂಕೆಯಾಗಿ ಹೋಲಿಸಿದ ಮೇಲೆಯೇ ಶುಲ್ಕ ಕಟ್ಟಿ.