ಸ್ಥೂಲಕಾಯದ ರೋಗಿಗೆ ಆಪರೇಷನ್: ಉಸಿರಾಟದ ಮೇಲೆ ನಿಗಾ ಇಡುವುದು ಹೇಗೆ

ತೂಕ ಹೆಚ್ಚಿರುವ ರೋಗಿ ಆಪರೇಷನ್‌ಗೆ ಬಂದಾಗ, ಪಕ್ಕದಲ್ಲಿ ಮಲಗುವವರನ್ನು ಮೊದಲು ವಿಚಾರಿಸಿ. ಗೊರಕೆ ಮುಚ್ಚಿದ ಬಾಗಿಲಾಚೆಗೂ ಕೇಳುತ್ತದಾ? ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರಾ? ಇವೆರಡರ ಜೊತೆ ಹಗಲು ತೂಕಡಿಕೆ, ಬಿಪಿ, 35 ದಾಟಿದ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ), 50 ದಾಟಿದ ವಯಸ್ಸು, 40 ಸೆಂ.ಮೀ. ಮೀರಿದ ಕುತ್ತಿಗೆ ಸುತ್ತಳತೆ, ಗಂಡಸಾಗಿರುವುದು ಸೇರಿದರೆ ಸ್ಟಾಪ್-ಬ್ಯಾಂಗ್ ಎಂಬ ತಪಾಸಣಾ ಪಟ್ಟಿಯ ಎಂಟೂ ಅಂಶಗಳಾದವು. ಐದು ಸಿಕ್ಕರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ತೊಂದರೆ) ಇದೆಯೆಂದೇ ಎಣಿಸಿ ತಯಾರಿ ಮಾಡಿ.

ಇದಕ್ಕಿಂತ ಕಷ್ಟದ್ದು, ಎಚ್ಚರವಿದ್ದಾಗಲೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿಯೇ ಇರುವ ಸ್ಥಿತಿ. ರಕ್ತದ ಬೈಕಾರ್ಬೊನೇಟ್ (ಕಾರ್ಬನ್ ಡೈಆಕ್ಸೈಡ್ ಬಹುಕಾಲ ಏರಿದ್ದರೆ ತಾನೂ ಏರುವ ಲವಣ) ಲೀಟರಿಗೆ 27 ಮಿಲಿಮೋಲ್ ಅಥವಾ ಮೇಲಿದ್ದರೆ ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಮಾಡಿಸಿ. ಕಾರ್ಬನ್ ಡೈಆಕ್ಸೈಡ್ 45 ಎಂಎಂಎಚ್‌ಜಿ ಮೀರಿದ್ದು, ಆಪರೇಷನ್ ತುರ್ತಿನದಲ್ಲದಿದ್ದರೆ ಮುಂದೂಡಿ ಉಸಿರಾಟದ ಚಿಕಿತ್ಸೆ ಶುರುಮಾಡುವುದೇ ಒಳ್ಳೆಯದು. ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರುದಾರಿ ತೆರೆದಿಡುವ ಯಂತ್ರ) ಬಳಸುವವರು ಮನೆಯ ಯಂತ್ರ, ಮಾಸ್ಕ್ ಎರಡನ್ನೂ ತರಲಿ. ಮುಖಕ್ಕೆ ಕೂರದ ಆಸ್ಪತ್ರೆಯ ಮಾಸ್ಕನ್ನು ಮಧ್ಯರಾತ್ರಿ ಕಿತ್ತು ಪಕ್ಕಕ್ಕಿಡುವವರೇ ಹೆಚ್ಚು.

ಓಟಿಯಲ್ಲಿ ತಲೆಗೊಂದು ದಿಂಬು ಕೊಟ್ಟರೆ ಸಾಲದು. ಗದ್ದ ಎದೆಗೆ ಒತ್ತುತ್ತದೆ. ಬೆನ್ನಿನಿಂದಲೇ ಮಡಚಿದ ಹೊದಿಕೆಗಳನ್ನು ಏರಿಸುತ್ತಾ ಬನ್ನಿ. ಪಕ್ಕದಲ್ಲಿ ನಿಂತು ನೋಡಿದರೆ ಕಿವಿಯ ತೂತು, ಎದೆಮೂಳೆಯ ಮೇಲ್ತುದಿಯ ಕುಳಿ ಎರಡೂ ಒಂದೇ ಮಟ್ಟದಲ್ಲಿರಬೇಕು. ಟೇಬಲ್ಲಿನ ತಲೆಭಾಗ 25 ಡಿಗ್ರಿ ಎತ್ತಿ, ಬಿಡುವ ಉಸಿರಿನಲ್ಲಿ ಆಕ್ಸಿಜನ್ 90% ಆಗುವವರೆಗೆ ಬಿಗಿಯಾದ ಮಾಸ್ಕ್‌ನಲ್ಲಿ 100% ಕೊಡಿ. ಹೊಟ್ಟೆ ವಪೆಯನ್ನು ಮೇಲೆ ತಳ್ಳಿರುವುದರಿಂದ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯೇ ಕಡಿಮೆ. ಅರಿವಳಿಕೆಯಿಂದ ಉಸಿರು ನಿಂತೊಡನೆ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಶೇಕಡಾವಾರು) ಸರ್ರನೆ ಇಳಿಯುತ್ತದೆ.

ವೆಂಟಿಲೇಟರ್ ಲೆಕ್ಕ ಎತ್ತರದ ಮೇಲಿರಲಿ, ತಕ್ಕಡಿಯ ತೂಕದ ಮೇಲಲ್ಲ. 160 ಸೆಂ.ಮೀ. ಎತ್ತರ, 120 ಕೆ.ಜಿ. ತೂಕದ ಹೆಂಗಸಿಗೆ ಲೆಕ್ಕದ ತೂಕ 45.5 + 0.91 × (160 − 152.4), ಅಂದರೆ ಸುಮಾರು 52 ಕೆ.ಜಿ. ಕೆ.ಜಿ.ಗೆ 7 ಮಿ.ಲೀ. ಹಿಡಿದರೆ ಒಂದು ಉಸಿರಿಗೆ ಸುಮಾರು 365 ಮಿ.ಲೀ. 120 ಹಾಕಿ ಗುಣಿಸಿದರೆ 840, ಶ್ವಾಸಕೋಶಕ್ಕೆ ಪೆಟ್ಟು. ಉಸಿರಾಟದ ಟ್ಯೂಬ್ ತೆಗೆಯುವಾಗ ರೋಗಿ ಪೂರ್ತಿ ಎಚ್ಚರವಿರಬೇಕು, ತಲೆಭಾಗ ಎತ್ತಿರಬೇಕು, ಟ್ರೇನ್-ಆಫ್-ಫೋರ್ ಅನುಪಾತ (ಸ್ನಾಯು ಸಡಿಲಿಸುವ ಔಷಧ ಎಷ್ಟು ಇಳಿದಿದೆ ಎಂದು ತೋರಿಸುವ ಅಳತೆ) 0.9 ಮುಟ್ಟಿರಬೇಕು.

ಮೋಸ ಹೋಗುವುದು ವಾರ್ಡಿನಲ್ಲಿ. ಆಕ್ಸಿಜನ್ ಹರಿಯುತ್ತಿದ್ದರೆ ಸ್ಯಾಚುರೇಶನ್ 97 ತೋರಿಸುತ್ತಲೇ ಇರುತ್ತದೆ. ಉಸಿರು ನಿಮಿಷಕ್ಕೆ ಏಳಕ್ಕೆ ಇಳಿದು ಕಾರ್ಬನ್ ಡೈಆಕ್ಸೈಡ್ ಏರುತ್ತಿರುವುದು ಅದರಲ್ಲಿ ಕಾಣುವುದಿಲ್ಲ. ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಕಾರ್ಬನ್ ಡೈಆಕ್ಸೈಡ್ ಮೊದಲೇ ಹೆಚ್ಚಿದ್ದವರಿಗೆ ಸ್ಯಾಚುರೇಶನ್ 88ರಿಂದ 92 ಇದ್ದರೆ ಸಾಕು. ನೋವಿಗೆ ವೇಳೆಗೆ ಸರಿಯಾಗಿ ಪ್ಯಾರಾಸಿಟಮಾಲ್, ಸಾಧ್ಯವಿದ್ದಲ್ಲಿ ನರ್ವ್ ಬ್ಲಾಕ್ (ಆ ಭಾಗದ ನರವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟು ಮಾರ್ಫಿನ್ ಕಡಿಮೆ ಮಾಡಿ. ಅದರ ಮೇಲೊಂದು ನಿದ್ದೆ ಮಾತ್ರೆ ಖಂಡಿತ ಬೇಡ. ಉಸಿರು ಎಂಟಕ್ಕಿಂತ ಕಡಿಮೆಯಾದರೆ, ಹತ್ತು ಸೆಕೆಂಡ್ ನಿಂತರೆ, ಅಥವಾ "ತುಂಬಾ ನೋವು" ಅನ್ನುತ್ತಲೇ ಮಾತಿನ ಮಧ್ಯೆ ನಿದ್ದೆಗೆ ಜಾರಿದರೆ ಇನ್ನೊಂದು ಡೋಸ್ ಕೊಡದೆ ಅರಿವಳಿಕೆ ವೈದ್ಯರನ್ನು ಕರೆಸಿ.

ಅಂಗಾತ ಮಲಗಿಸಬೇಡಿ. ಹಗಲಿನ ಸಣ್ಣ ಜೋಂಪಿಗೂ ಸಿಪ್ಯಾಪ್ ಹಾಕಿ. ಮೊದಲ ರಾತ್ರಿ ಚೆನ್ನಾಗಿ ಕಳೆಯಿತೆಂದು ಮಾನಿಟರ್ ಬಿಚ್ಚಬೇಡಿ: ಆಪರೇಷನ್ನಿನ ನಂತರ ತಪ್ಪಿಹೋಗಿದ್ದ, ಕನಸು ಬೀಳುವ ಹಂತದ ನಿದ್ದೆ ಮರಳಿ ಬರುವ ಮೂರನೇ ರಾತ್ರಿಯ ಹೊತ್ತಿಗೆ ಉಸಿರು ಕಟ್ಟುವುದು ಹೆಚ್ಚು.